ಬರೀ ಕಾಫಿ

ಜನವರಿ 14, ಮಂಗಳವಾರ

ಆ ದರಿದ್ರ ಯಂತ್ರ ಇವತ್ತು ಮಕ್ಕಳ ಮುಂದೆ ನನ್ನ ಮರ್ಯಾದೆ ತೆಗೆಯಿತು.

ಶಾಲೆಯ ಬಸ್ಸು ನಿಲ್ಲುವುದು ಊರಿನ ಅಂಗಡಿಯ ಹಿಂದೆ. ಗಾಜಿನ ಮೇಲಿನ ಹಿಮ ಕೆರೆದು ಬಾಗಿಲು ತೆಗೆದೆ. ಚಳಿಗೆ ಮುದುರಿಕೊಂಡು ನಿಂತಿದ್ದ ಮಕ್ಕಳು ಒಳಗೆ ನುಗ್ಗಿದವು. ನಾನು ಸೀಟಿನಲ್ಲಿ ಕೂತು, ಉಸಿರಿನಲ್ಲಿ ಮದ್ಯ ಇದೆಯಾ ಅಂತ ನೋಡುವ ಯಂತ್ರದ ಕೊಳವೆಗೆ ಊದಿದೆ. ಊದಿದ ಮೇಲೆ ಹಸಿರು ದೀಪ ಬಂದರೆ ಮಾತ್ರ ಎಂಜಿನ್ ಶುರುವಾಗುತ್ತದೆ, ಈಗ ಎಲ್ಲ ಬಸ್ಸಿಗೂ ಅದೇ ಕಾನೂನು. ಇವತ್ತು ಕೆಂಪು ಬಂತು. ಕೊಳವೆ ಒರೆಸಿ ಮತ್ತೆ ಊದಿದೆ. ಮತ್ತೆ ಕೆಂಪು. ಹಿಂದಿನಿಂದ ಒಂದು ಪುಟ್ಟ ಹುಡುಗಿ, "ಯೋರುನ್, ಬಸ್ಸಿಗೆ ಹುಷಾರಿಲ್ವಾ?" ಅಂತ ಕೇಳಿದಳು. "ಬ್ಯಾಟರಿ ಹೋಗಿದೆ ಪುಟ್ಟಿ" ಅಂದೆ. ಬ್ಯಾಟರಿ ಹೋದ ಬಸ್ಸಿನೊಳಗೆ ದೀಪಗಳೆಲ್ಲ ಝಗಝಗ ಉರಿಯುತ್ತಿದ್ದವು. ದೊಡ್ಡ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಲ್ಗೈರ್‌ಗೆ ಫೋನ್ ಮಾಡಿದೆ. ಬಸ್ ಕಂಪನಿಯ ಮೇಲ್ವಿಚಾರಕ, ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ನನ್ನ ಲೆಕ್ಕ ನಕಲು ಹೊಡೆದವನು. "ಯಂತ್ರ ಕೆಟ್ಟಿದೆ ಕಣೋ" ಅಂದೆ. "ಬಸ್ಸಿಂದ ಇಳಿ, ಯೋರುನ್. ಬೇರೆ ಡ್ರೈವರ್ ಕಳಿಸ್ತೀನಿ" ಅಂದ.

ನಾನು ಕುಡಿಯುವವಳಲ್ಲ. ನಿನ್ನೆ ಮನೆಯಲ್ಲಿ ಮಾವನ ಹುಟ್ಟುಹಬ್ಬ, ನನ್ನ ಗಂಡನ ಅಪ್ಪನದು. ದಿನಾ ಸಂಜೆ ಕೂರುವ ಹಾಗೆ ಅವರೂ ನಾನೂ ಕಾರ್ಸ್ಕ್ ಹಾಕಿಕೊಂಡು ಕೂತೆವು, ಸ್ವಲ್ಪ ಹೆಚ್ಚು ಹೊತ್ತು ಅಷ್ಟೆ. ಕಾರ್ಸ್ಕ್ ಅಂದರೆ ಏನು ಮಹಾ? ತೆಳ್ಳಗಿನ ಕಾಫಿ, ಅದಕ್ಕೆ ಮಾವ ಕೊಟ್ಟಿಗೆಯ ಹಿಂದೆ ತಾವೇ ಭಟ್ಟಿ ಇಳಿಸಿದ್ದು ಒಂದಿಷ್ಟು. ಈ ಕಣಿವೆಯಲ್ಲಿ ಸೌದೆ ಸೀಳಲು ಬಂದವರಿಗೂ ಅದನ್ನೇ ಕೊಡುವುದು, ಹೆಣ ಹೊರಲು ಬಂದವರಿಗೂ ಅದನ್ನೇ ಕೊಡುವುದು. ಅದನ್ನು ಕುಡಿತ ಅನ್ನುವುದಾದರೆ ಇಲ್ಲಿ ಪಾದ್ರಿಯಿಂದ ಹಿಡಿದು ಎಲ್ಲರೂ ಕುಡುಕರೇ.

ಜನವರಿ 15, ಬುಧವಾರ

ಯಂತ್ರ ಕೆಟ್ಟಿಲ್ಲವಂತೆ. ಹಾಲ್ಗೈರ್ ತಾನೇ ಊದಿ ನೋಡಿದನಂತೆ, ಹಸಿರು ಬಂತಂತೆ.

"ಇದು ಮೊದಲನೇ ಸಲ ಅಲ್ಲ, ಅಲ್ವಾ?" ಅಂದ.

"ಮೊದಲನೇ ಸಲವೇ."

"ಕೆಂಪು ಬಂದಿದ್ದು ಮೊದಲನೇ ಸಲ. ನಾನು ಕೇಳಿದ್ದು ಅದಲ್ಲ."

ಕೈಗವಸು ತೆಗೆದು ಅವನ ಮುಖಕ್ಕೆ ಎಸೆಯೋಣ ಅನ್ನಿಸಿತು. ಅವನು ಮಾತ್ರ ಮೆತ್ತಗೆ ಕಂಪನಿಯ ನಿಯಮ ಹೇಳುತ್ತಾ ಹೋದ. ಸದ್ಯಕ್ಕೆ ಬಸ್ಸು ಮುಟ್ಟುವ ಹಾಗಿಲ್ಲ, ಗ್ಯಾರೇಜಿನಲ್ಲಿ ಬಸ್ಸುಗಳನ್ನು ತೊಳೆಯಬೇಕು. ಇವತ್ತು ಒಂದು ಸಲ, ಫೆಬ್ರವರಿಯಲ್ಲಿ ಇನ್ನೊಂದು ಸಲ ರಕ್ತ ಕೊಡಬೇಕು. ಎರಡನೆಯದರಲ್ಲಿ ಮದ್ಯದ ಅಂಶ ಇಳಿದಿರಬೇಕು. ಜೊತೆಗೆ ವಾರಕ್ಕೊಮ್ಮೆ ಕುಡಿತ ಬಿಟ್ಟವರ ಸಭೆಗೆ ಹೋಗಬೇಕು.

"ಎಲ್ಲಿದೆ ಆ ಸಭೆ?" ಅಂದೆ.

"ಹುಡುಕ್ಕೋ. ಹುಡುಕೋದೂ ಅದರಲ್ಲೇ ಸೇರಿದೆ ಅಂತ ಹೇಳ್ತಾರೆ."

ಹಾಗೇ ಆಗಲಿ. ಮಾಡಿ ತೋರಿಸುತ್ತೇನೆ. ಈ ಕಣಿವೆಯ ಒಂದೊಂದು ತಿರುವೂ ನನಗೆ ಗೊತ್ತು, ಯಾವ ಮಗು ಯಾವ ದಿನ ಟೋಪಿ ಮರೆತು ಬರುತ್ತದೆ ಅನ್ನುವುದೂ ಗೊತ್ತು. ಆ ಬಸ್ಸು ನನ್ನದು. ಅದನ್ನು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ಬೇರೆ ಏನೂ ಬೇಕಾಗಿಯೂ ಇಲ್ಲ.

ಜನವರಿ 17, ಶುಕ್ರವಾರ

ಫ್ಲೂ. ಬೆವರು, ಚಳಿ, ಕೈ ನಿಲ್ಲುತ್ತಿಲ್ಲ. ಗ್ಯಾರೇಜಿನಲ್ಲಿ ಎಲ್ಲರಿಗೂ ಬಂದಿರಬೇಕು.

ಮೊನ್ನೆಯೇ ಮಾವನಿಗೆ ಹೇಳಿದೆ, ನನಗೆ ಇನ್ನು ಮೇಲೆ ಬರೀ ಕಾಫಿ ಅಂತ. "ಬರೀ ಕಾಫಿನಾ?" ಅಂದರು. ನಾನು ಬರಿಗಾಲಲ್ಲಿ ಹಿಮಕ್ಕೆ ಇಳಿಯುತ್ತೇನೆ ಅಂದವಳ ಹಾಗೆ ನನ್ನನ್ನು ನೋಡಿದರು.

ಜನವರಿ 20, ಸೋಮವಾರ

ಫ್ಲೂ ಬಿಟ್ಟಿತು. ಶನಿವಾರ ಸಂಜೆಯಿಂದಲೇ ಹುಷಾರು. ಮಗುವಿನ ಹಾಗೆ ನಿದ್ದೆ ಮಾಡಿದ್ದೇನೆ, ಕೈ ನೆಟ್ಟಗಿದೆ.

ಇದೇನು ದೊಡ್ಡ ಕಷ್ಟ ಅಂತ ಜನ ಗೋಳಾಡುತ್ತಾರೋ. ಬಿಡಬೇಕು ಅಂದರೆ ಬಿಡುವುದು, ಅಷ್ಟೇ. ಮಾವನನ್ನು ಮಾತ್ರ ಮೆಚ್ಚಬೇಕು. ಅತ್ತೆ ಇದ್ದಾಗ ಅಡುಗೆಮನೆಗೆ ಕಾಲಿಡದವರು ಈಗ ಬೆಳಿಗ್ಗೆ ಸಂಜೆ ತಾವೇ ಕಾಫಿ ಮಾಡಿ ನನ್ನ ಕೈಗೆ ಕೊಡುತ್ತಾರೆ. ಎಂಬತ್ತರ ಹತ್ತಿರದ ಮುದುಕ ಸೊಸೆಗೆ ಇಷ್ಟು ಮಾಡುವುದು ಬೇರೆಲ್ಲಾದರೂ ಉಂಟೇ? ಸಮುದ್ರದಿಂದ ಗಂಡ ಸ್ಟೋಲೆ ಫೋನ್ ಮಾಡಿದ್ದ. ಅವನು ಕೆಲಸ ಮಾಡುವ ಮೀನಿನ ಹಡಗು ಇನ್ನೂ ಉತ್ತರಕ್ಕೆ ಹೋಗುತ್ತಿದೆಯಂತೆ. ಬಸ್ಸಿನ ವಿಷಯ ಹೇಳಲಿಲ್ಲ. ಅಷ್ಟು ದೂರದಲ್ಲಿರುವವನಿಗೆ ಹೇಳಿ ಏನು ಪ್ರಯೋಜನ?

ಗ್ಯಾರೇಜಿನ ಯಂತ್ರದ ಕಾಫಿ ಬಾಯಿಗಿಡುವ ಹಾಗಿಲ್ಲ. ನಾಳೆಯಿಂದ ಮನೆಯಿಂದಲೇ ಒಯ್ಯುತ್ತೇನೆ.

ಜನವರಿ 23, ಗುರುವಾರ

ಸಭೆ ಸಿಕ್ಕಿತು. ಪಕ್ಕದ ಮೋಯೆನ್ ಊರಿನ ಪ್ರಾರ್ಥನಾ ಮಂದಿರದ ನೆಲಮನೆಯಲ್ಲಿ, ಗುರುವಾರ ಸಂಜೆ. ಇದನ್ನು ಬಿಟ್ಟರೆ ಇನ್ನೊಂದು ಇರುವುದು ಟ್ರಾಂಡ್‌ಹೈಮ್‌ನಲ್ಲಿ, ಇಡೀ ದಿನದ ಪ್ರಯಾಣ.

ಈ ಕಡೆ ಕಾರು ನೋಡಿದರೆ ಸಾಕು, ಯಾರು ಎಲ್ಲಿ ಹೋಗಿದ್ದಾರೆ ಅಂತ ಇಡೀ ಕಣಿವೆಗೆ ಗೊತ್ತಾಗುತ್ತದೆ. ಅದಕ್ಕೇ ಮಂದಿರದ ಮುಂದೆ ನಿಲ್ಲಿಸದೆ, ಮುಚ್ಚಿದ ಗರಗಸದ ಕಾರ್ಖಾನೆಯ ಹಿಂದೆ ಕತ್ತಲಲ್ಲಿ ನಿಲ್ಲಿಸೋಣ ಅಂತ ಹೋದೆ. ಅಲ್ಲಿ ಆಗಲೇ ಏಳೆಂಟು ಕಾರು ನಿಂತಿದ್ದವು. ಎಲ್ಲವೂ ನನ್ನ ಹಾಗೇ ದೀಪ ಆರಿಸಿಕೊಂಡು ಅಡಗಿದ್ದವು. ಅದರಲ್ಲೊಂದು ಹಲ್ಲಿನ ಡಾಕ್ಟರ್ ವಿದಾರ್‌ನ ನೀಲಿ ಕಾರು. ನನ್ನ ದವಡೆಹಲ್ಲು ಕಿತ್ತವನು ಅವನು. ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹಾಡುವವನು.

ಮಂದಿರದ ಬಾಗಿಲಲ್ಲಿ ಬೋರ್ಡು ಇಲ್ಲ, ಬಾಣದ ಗುರುತು ಇಲ್ಲ. ಮೊದಲು ಸಿಕ್ಕ ಕೋಣೆಗೆ ನುಗ್ಗಿದರೆ ಅಲ್ಲಿ ಹೆಂಗಸರು ಸಾಲಾಗಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ನಾನು ಏನು ಕೇಳಬೇಕೋ ತೋಚದೆ, "ಇಲ್ಲಿ... ಸಭೆ..." ಅಂತ ತೊದಲಿದೆ. ಒಬ್ಬಳೂ ತಲೆ ಎತ್ತಲಿಲ್ಲ. ಮೂಲೆಯಲ್ಲಿದ್ದ ಮುದುಕಿ ಹೆಣೆಯುತ್ತಲೇ, "ಕೆಳಗೆ ಕಣಮ್ಮ. ಕೊನೇ ಮೆಟ್ಲು ಜಾರತ್ತೆ, ನೋಡ್ಕೊಂಡು ಹೋಗು" ಅಂದಳು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದಿತ್ತೇ ಅನ್ನಿಸಿತು.

ಕೆಳಗೆ ವಿದಾರ್ ಇದ್ದ. ತೂರಿಡ್ ಕೂಡ ಇದ್ದರು. ಈ ಕಣಿವೆಯ ಅರ್ಧ ಮಕ್ಕಳನ್ನು ಈ ಲೋಕಕ್ಕೆ ಎಳೆದು ತಂದ ಸೂಲಗಿತ್ತಿ. ಈಗ ನಿವೃತ್ತರು. ಸಭೆ ನಡೆಸುವವರೂ ಅವರೇ. ಉಳಿದವರು ಅಕ್ಕಪಕ್ಕದ ಊರಿನವರು, ಒಬ್ಬ ಕರೆಂಟ್ ಕೆಲಸದವನು, ಒಂದಿಬ್ಬರು ಹೈನುಗಾರರು. ಒಬ್ಬೊಬ್ಬರಾಗಿ ಹೆಸರು ಹೇಳಿ, ತಾವು ಕುಡುಕರು ಅನ್ನುವುದನ್ನೂ ಹೇಳಿದರು, ಹವಾಮಾನ ಹೇಳಿದಷ್ಟು ಸಲೀಸಾಗಿ. ನನ್ನ ಸರದಿ ಬಂದಾಗ, "ನಾನು ಯೋರುನ್. ಬಸ್ ಡ್ರೈವರ್" ಅಂದೆ. ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ, ಆದರೂ ಮೈ ಉರಿಯಿತು.

ಅವರ ಕಾಫಿಗೂ ರುಚಿಯಿಲ್ಲ. ಪಾತ್ರೆ ತೊಳೆದ ನೀರು.

ಜನವರಿ 24, ಶುಕ್ರವಾರ

ಅಂಗಡಿಯಲ್ಲಿ ವಿದಾರ್ ಎದುರಾದ. ನಾನು ಕೆಂಪಾದೆ. ಅವನು ಮೊಟ್ಟೆಯ ಡಬ್ಬಿ ತೆರೆದು ಒಡೆದಿದೆಯಾ ಅಂತ ನೋಡುತ್ತಾ, "ಹಲ್ಲು ಹೇಗಿದೆ?" ಅಂದ. ಅಷ್ಟೇ. ನಿನ್ನೆ ನನ್ನೆದುರು ಕೂತು, ಒಂದು ಬೆಳಿಗ್ಗೆ ರೋಗಿಯ ಬಾಯಲ್ಲಿ ಕೈಯಿಟ್ಟುಕೊಂಡೇ ತೂಕಡಿಸಿದ್ದನ್ನು ಹೇಳಿ ಅತ್ತವನು ಇವನೇನಾ?

ಜನವರಿ 30, ಗುರುವಾರ

ಎರಡನೇ ಸಭೆ. ಇವತ್ತು ಕರೆಂಟಿನವನ ಸರದಿ. ಬಿಟ್ಟ ಮೊದಲ ವಾರ ಮೈಯೆಲ್ಲ ನಡುಗಿದ್ದು, ಗೋಡೆಯಲ್ಲಿ ಹುಳ ಹರಿದದ್ದು, ಶೂ ಲೇಸು ಕಟ್ಟಲಾಗದೆ ಹೆಂಡತಿ ಕಟ್ಟಿದ್ದು, ಎಲ್ಲ ಹೇಳಿದ. ಕೇಳಿ ಪಾಪ ಅನ್ನಿಸಿತು. ಆದರೆ ಒಂದು ಮಾತ್ರ ಖಾತ್ರಿಯಾಯಿತು, ನಾನು ಇವರ ಜಾತಿಯವಳಲ್ಲ. ನನಗೆ ಹುಳ ಇಲ್ಲ, ನಡುಕ ಇಲ್ಲ. ಬಿಟ್ಟೆ, ಬಿಟ್ಟಿತು. ತೂರಿಡ್ ಅವರಿಗೂ ಹಾಗೇ ಹೇಳಿದೆ.

"ಏನೂ ಅನ್ನಿಸ್ತಾ ಇಲ್ವಾ?" ಅಂದರು.

"ಏನೂ ಇಲ್ಲ. ನಿದ್ದೆ ಚೆನ್ನಾಗಿ ಬರತ್ತೆ."

"ಸಂಜೆ ಹೊತ್ತು?"

"ಸಂಜೆ ಮಾವನ ಜೊತೆ ಕಾಫಿ ಕುಡಿದು ಮಲಗ್ತೀನಿ."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಹೆರಿಗೆಗೆ ಇನ್ನೂ ಎಷ್ಟು ಹೊತ್ತಿದೆ ಅಂತ ಅಂದಾಜು ಮಾಡುವವರ ನೋಟ. "ಅದೃಷ್ಟವಂತೆ" ಅಂದರು.

ಹೊರಡುವಾಗ ಅವರ ಕಾಫಿಯ ಬಗ್ಗೆ ನನ್ನ ಬಾಯಿ ಸುಮ್ಮನಿರಲಿಲ್ಲ. ಹಾಗಾದರೆ ಮುಂದಿನ ವಾರ ಕಾಫಿ ನಿನ್ನದೇ ಅಂದುಬಿಟ್ಟರು. ಇಲ್ಲಿ ಕಾಫಿ, ತಿಂಡಿ ಸರದಿಯ ಮೇಲೆ ನಡೆಯುತ್ತದಂತೆ. ಒಪ್ಪಿಕೊಂಡೆ. ಇವರಿಗೂ ಒಂದು ಸಲ ಒಳ್ಳೆಯ ಕಾಫಿ ಗೊತ್ತಾಗಲಿ.

ಫೆಬ್ರವರಿ 4, ಮಂಗಳವಾರ

ಎರಡನೇ ರಕ್ತಪರೀಕ್ಷೆಗೆ ಕೊಟ್ಟು ಬಂದೆ. ತೋಳು ಚಾಚಿ, "ಎಷ್ಟು ಬೇಕೋ ತಗೊಳ್ಳಿ" ಅಂದೆ. ಹಾಲ್ಗೈರ್ ಗ್ಯಾರೇಜಿನಲ್ಲಿ ಬೆನ್ನು ತಟ್ಟಿ, ಫಲಿತಾಂಶ ಸರಿಯಿದ್ದರೆ ಸೋಮವಾರದಿಂದ ನಿನ್ನ ಬಸ್ಸು ನಿನಗೇ ಅಂದ. ಸೀಟು ಯಾರೋ ಹಿಂದಕ್ಕೆ ಸರಿಸಿದ್ದರು, ಹೋಗಿ ಮುಂದಕ್ಕೆ ತಂದು ಇಟ್ಟೆ.

ಫೆಬ್ರವರಿ 6, ಗುರುವಾರ

ಹೇಗೆ ಬರೆಯಲಿ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ವಾಫಲ್ ಮಾಡಿದೆ, ಕಂದು ಚೀಸ್ ಹೆಚ್ಚಿ ಇಟ್ಟುಕೊಂಡೆ. ಮಾವನಿಗೆ, ದೊಡ್ಡ ಫ್ಲಾಸ್ಕ್ ತುಂಬ ಕಾಫಿ ಮಾಡಿಕೊಡಿ, ಡ್ರೈವರುಗಳ ಸಂಘದ ಮೀಟಿಂಗು ಅಂತ ಹೇಳಿದೆ. ಎಂಥ ಸಭೆ ಅಂತ ಅವರಿಗೆ ಹೇಳಿಲ್ಲ, ಹೇಗೆ ಹೇಳುವುದು? ಅವರು ಖುಷಿಯಿಂದ ಮಾಡಿಕೊಟ್ಟರು.

ನೆಲಮನೆಯಲ್ಲಿ ಹೀಟರ್ ಇನ್ನೂ ಬಿಸಿಯಾಗಿರಲಿಲ್ಲ. ಚಳಿಗೆ ಮೊದಲ ಕಪ್ಪು ನಾನೇ ಸುರಿದುಕೊಂಡು ಕುಡಿದು ಮುಗಿಸಿದೆ. ಆಮೇಲೆ ಎಲ್ಲರಿಗೂ ಸುರಿದೆ. ವಿದಾರ್ ಕಪ್ಪನ್ನು ಬಾಯಿಯ ತನಕ ಒಯ್ದು ಹಾಗೇ ನಿಂತ. ನಿಧಾನವಾಗಿ ಮೇಜಿನ ಮೇಲಿಟ್ಟು, ಕುರ್ಚಿ ಹಿಂದಕ್ಕೆ ಸರಿಸಿದ. ಏನಾಯಿತು ಅಂತ ಕೇಳುವಷ್ಟರಲ್ಲಿ ತೂರಿಡ್ ಒಂದು ಗುಟುಕು ತೆಗೆದುಕೊಂಡಿದ್ದರು. ಅವರಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಕೆನ್ನೆ ಉಬ್ಬಿದ್ದು ಹಾಗೇ ಉಳಿಯಿತು. ಕಣ್ಣು ದೊಡ್ಡದಾಯಿತು. ಮಡಿಲಲ್ಲಿದ್ದ ಉಣ್ಣೆಯ ಕೈಗವಸು ತೆಗೆದು ಅದರೊಳಗೆ ಉಗಿದರು.

"ಯಾರೂ ಕುಡೀಬೇಡಿ" ಅಂದರು.

ಕರೆಂಟಿನವನು ಫ್ಲಾಸ್ಕ್ ಎತ್ತಿಕೊಂಡು, ಬಾಂಬು ಹಿಡಿದವನ ಹಾಗೆ ತೋಳು ಚಾಚಿ, ಮೆಟ್ಟಿಲು ಹತ್ತಿ ಹೊರಗೆ ಹೋದ. ಹಿಮದ ಮೇಲೆ ಸುರಿದು ಬಂದ. ಒಬ್ಬ ಹೈನುಗಾರ ಎದ್ದು ನಿಂತು, "ಏನಮ್ಮ, ತಮಾಷೆ ಮಾಡಕ್ಕೆ ಬಂದಿದೀಯಾ? ನಾನು ಹೆಂಡ್ತಿ ಮಕ್ಕಳನ್ನ ಕಳ್ಕೊಂಡು ಇಲ್ಲಿ ಕೂತಿರೋನು" ಅಂದ. ಮಾವ ಮರೆತು ಕಾರ್ಸ್ಕ್ ಮಾಡಿಬಿಟ್ಟಿದ್ದಾರೆ, ವಯಸ್ಸಾದವರು, ಕೈ ರೂಢಿ, ಕ್ಷಮಿಸಿ, ಅಂತ ಏನೇನೋ ಹೇಳಿದೆ.

ತೂರಿಡ್ ಕರವಸ್ತ್ರದಿಂದ ನಾಲಿಗೆ ಒರೆಸಿಕೊಳ್ಳುತ್ತಿದ್ದರು, ಮತ್ತೆ ಮತ್ತೆ. ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಯೋರುನ್, ನೀನು ಒಂದು ಕಪ್ಪು ಪೂರ್ತಿ ಕುಡಿದೆ."

"ಹೌದು."

"ಹೇಗಿತ್ತು?"

"ಚೆನ್ನಾಗಿತ್ತು" ಅಂದೆ. "ಕಾಫಿ ತರ ಇತ್ತು. ದಿನಾ ಇರೋ ತರ."

ಹೇಳಿ ಮುಗಿಸಿದ ಮೇಲೆ ನಾನು ಹೇಳಿದ್ದು ನನ್ನ ಕಿವಿಗೇ ಬಿತ್ತು. ಕೂಗಾಡುತ್ತಿದ್ದ ಹೈನುಗಾರ ಮೆಲ್ಲಗೆ ಕೂತ. ಅವನ ಮುಖದಲ್ಲಿದ್ದ ಸಿಟ್ಟು ಹೋಗಿ ಬೇರೆ ಏನೋ ಬಂತು, ಅದನ್ನು ನೋಡುವುದು ಸಿಟ್ಟಿಗಿಂತ ಕಷ್ಟವಾಯಿತು.

ತೂರಿಡ್ ತಮ್ಮ ಕಾರಿನಲ್ಲಿ ನನ್ನನ್ನು ಮನೆಗೆ ಬಿಟ್ಟರು. ದಾರಿಯಲ್ಲಿ ಒಂದೇ ಮಾತು, "ಇನ್ನು ನೀನು ಓಡಿಸಬಾರದು." ಇಷ್ಟು ದಿನವೂ ಗ್ಯಾರೇಜಿಗೆ ಕಾರು ಓಡಿಸಿಕೊಂಡೇ ಹೋಗಿದ್ದೇನೆ. ಶಾಲೆ ಬಿಡುವ ಹೊತ್ತಿಗೆ ಆ ಮಕ್ಕಳು ನಡೆಯುವ ರಸ್ತೆಯಲ್ಲೇ ವಾಪಸ್ ಬಂದಿದ್ದೇನೆ.

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ ಮಾವ ಕಪ್ಪು ತಂದಿಟ್ಟರು. ನಾನು ಮುಟ್ಟಲಿಲ್ಲ.

"ಮಾವ, ಇದರಲ್ಲಿ ಏನಿದೆ?"

"ಕಾಫಿ."

"ಮತ್ತೆ?"

ಅವರು ಕಿಟಕಿಯ ಕಡೆ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಆ ಮೊದಲೆರಡು ದಿನ ನಿನ್ನ ಕೈ ನೋಡಕ್ಕಾಗ್ಲಿಲ್ಲಮ್ಮ. ಕಪ್ಪು ತಟ್ಟೆ ಮೇಲೆ ಗಡಗಡ ಅಂತಿತ್ತು. ರಾತ್ರಿಯೆಲ್ಲಾ ನೀನು ಓಡಾಡ್ತಿದ್ದೆ. ಶನಿವಾರ ಒಂದು ಚೂರು ಹಾಕಿ ಕೊಟ್ಟೆ. ಭಾನುವಾರ ಕೈ ನೆಟ್ಟಗಾಯ್ತು. ಔಷಧಿ ತರ ಹಿಡೀತು ನೋಡು, ಮತ್ತೆ ಯಾಕೆ ನಿಲ್ಲಿಸಲಿ?"

"ಚೂರು ಅಂದ್ರೆ ಎಷ್ಟು?"

"ಯಾವಾಗಲೂ ಹಾಕ್ತಿದ್ದಷ್ಟೇ."

ನಾನು ಕೂಗಾಡಿದೆ. ರಕ್ತಪರೀಕ್ಷೆ, ಬಸ್ಸು, ನೆಲಮನೆ, ಆ ಸಭೆ, ಎಲ್ಲ ಬಾಯಿಗೆ ಬಂದ ಹಾಗೆ ಹೊರಗೆ ಹಾಕಿದೆ. ಕೊಂದುಬಿಟ್ಟಿರಲ್ಲ ನನ್ನನ್ನು ಅಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಗೊಂದಲದಿಂದ, ಒಂದಿಷ್ಟೂ ಕುಹಕವಿಲ್ಲದೆ ಹೇಳಿದರು: "ಆದ್ರೆ ನೀನು ಒಂದಿನವೂ ಬೇಡ ಅನ್ನಲಿಲ್ವಲ್ಲ ಯೋರುನ್. ಎರಡನೇ ಕಪ್ಪು ನೀನೇ ಕೇಳಿ ಹಾಕಿಸ್ಕೊತಿದ್ದೆ. ನಿಂಗೆ ಗೊತ್ತಿದೆ, ಬಾಯಿಬಿಟ್ಟು ಹೇಳಲ್ಲ ಅಷ್ಟೆ, ಅಂದ್ಕೊಂಡಿದ್ದೆ."

ನನಗೆ ಗೊತ್ತಿರಲಿಲ್ಲ.

ಮೇಲಿನ ಸಾಲು ಬರೆದು ಆಗಲೇ ಬಹಳ ಹೊತ್ತಾಯಿತು. ಅದನ್ನೇ ನೋಡುತ್ತಾ ಕೂತಿದ್ದೆ.

ಹಾಲ್ಗೈರ್‌ಗೆ ಫೋನ್ ಮಾಡಿ ಹೇಳಲು ಹೊರಟರೆ, ಅವನೇ ಬಾಯಿ ತೆಗೆದ. ರಕ್ತದ ಫಲಿತಾಂಶ ಬೆಳಿಗ್ಗೆ ಬಂದಿದೆಯಂತೆ, ಒಂದಿಷ್ಟೂ ಇಳಿದಿಲ್ಲವಂತೆ, ನನಗೆ ಹೇಗೆ ಹೇಳುವುದು ಅಂತ ಕೂತಿದ್ದನಂತೆ.

"ಮಾವ ಹಾಕಿದ್ರು ಕಣೋ. ನನಗೆ ಗೊತ್ತಾಗದ ಹಾಗೆ."

ಅವನು ನಿಟ್ಟುಸಿರು ಬಿಟ್ಟ. "ಎಲ್ಲರಿಗೂ ಒಬ್ಬ ಮಾವ ಇರ್ತಾನೆ ಯೋರುನ್. ನಮ್ಮಪ್ಪಂಗೂ ಇದ್ದ." ಈಸ್ಟರ್ ತನಕ ಕಾಯುತ್ತೇನೆ, ಆಮೇಲೆ ಬಸ್ಸು ಬೇರೆಯವರ ಪಾಲು ಅಂದ. ಇಷ್ಟು ವರ್ಷ ಅವನನ್ನು ದಡ್ಡ ಅಂದುಕೊಂಡಿದ್ದೆ.

ಫೆಬ್ರವರಿ 9, ಭಾನುವಾರ

ಫ್ಲೂ ಅಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಪೆನ್ನು ನಿಲ್ಲುವುದಿಲ್ಲ.

ಫೆಬ್ರವರಿ 11, ಮಂಗಳವಾರ

ಗೋಡೆಯಲ್ಲಿ ಹುಳ ಇಲ್ಲ. ಆದರೆ ನೋಡುತ್ತಿರುತ್ತೇನೆ, ಬರುತ್ತವೋ ಅಂತ. ತೂರಿಡ್ ಬಂದು ಹಾಸಿಗೆಯ ಪಕ್ಕ ಕೂತು ಕಾಲುಚೀಲ ಹೆಣೆದರು, ಉಸಿರು ಬಿಡು, ಎಳೆದುಕೋ, ಬಿಡು ಅಂತ ಹೇಳಿಕೊಡುತ್ತಾ. ನಾನೇನು ಹೆರುತ್ತಿದ್ದೇನಾ ಅಂದೆ. "ನೋವು ಬಂದು ಬಂದು ಹೋಗತ್ತೆ, ಎರಡೂ ಒಂದೇ" ಅಂದರು. ಆ ಒಂದು ಗುಟುಕು ಅವರನ್ನೂ ನಾಲ್ಕು ದಿನ ನಿದ್ದೆಗೆಡಿಸಿತಂತೆ. ನನ್ನ ಕ್ಷಮಾಪಣೆ ಕೇಳಿಸಿಕೊಳ್ಳಲು ಅವರಿಗೆ ಪುರುಸೊತ್ತಿಲ್ಲ, ಬಾಯಿ ಮುಚ್ಚಿ ಉಸಿರಾಡು ಅಂದರು.

ಫೆಬ್ರವರಿ 13, ಗುರುವಾರ

ಸಭೆಗೆ ಹೋಗುವುದಿಲ್ಲ ಅಂದೆ. ಯಾವ ಮುಖ ಇಟ್ಟುಕೊಂಡು ಹೋಗಲಿ? ತೂರಿಡ್ ಬಂದು ಹಾರ್ನ್ ಒತ್ತುತ್ತಾ ನಿಂತರು. ಅಕ್ಕಪಕ್ಕದ ಮನೆಯವರು ಕಿಟಕಿಗೆ ಬಂದರು, ಹೋಗದೆ ವಿಧಿಯಿರಲಿಲ್ಲ. ಅವರು ಕಾರನ್ನು ಮಂದಿರದ ಬಾಗಿಲಿಗೇ ನಿಲ್ಲಿಸಿದರು.

ಅವತ್ತು ಕೂಗಾಡಿದ ಹೈನುಗಾರನೇ ನನಗೆ ಕಾಫಿ ಸುರಿದು ಕೊಟ್ಟ. ಹೆಸರು ಎಸ್ಕಿಲ್ ಅಂತೆ. "ಮೂಸಿ ನೋಡಿ ಕುಡಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುತ್ತಾ ಅಳು ಬಂತು. ಕಾಫಿ ಕಹಿಯಿತ್ತು. ನನ್ನ ಸರದಿ ಬಂದಾಗ ಹೆಸರು ಹೇಳಿದೆ, ಮುಂದಿನ ಆ ಶಬ್ದ ಹೇಳಲಾಗಲಿಲ್ಲ. ಪರವಾಗಿಲ್ಲ ಅಂದರು.

ಮಾವ ಈ ವಾರವೆಲ್ಲ ಮಾತು ಕಡಿಮೆ ಮಾಡಿದ್ದಾರೆ. ನಾನು 'ಕೊಂದುಬಿಟ್ಟಿರಲ್ಲ' ಅಂದದ್ದು ಅವರಿಗೆ ನಾಟಿರಬೇಕು. ನನ್ನೆದುರು ಅವರೂ ಬರೀ ಕಾಫಿಯನ್ನೇ ಕುಡಿಯುತ್ತಾರೆ, ಪಾಪ. ಇವತ್ತು ಬೆವರುತ್ತಿದ್ದರು. ತೂರಿಡ್ ಅವರ ನೆಗಡಿ ನಮ್ಮ ಮನೆಗೂ ಬಂದಿರಬೇಕು.

ಫೆಬ್ರವರಿ 15, ಶನಿವಾರ

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಡುಗೆಮನೆಗೆ ಬಂದರೆ ಮಾವ ಮೇಜಿನ ಮೇಲಿನ ಕಪ್ಪನ್ನು ಕೈಯಿಂದ ಎತ್ತದೆ, ತಲೆ ಬಗ್ಗಿಸಿ, ಬಾಯಿಂದ ಹೀರುತ್ತಿದ್ದರು, ಕರು ಬಕೆಟ್ಟಿಗೆ ಬಾಯಿ ಹಾಕಿದ ಹಾಗೆ. ನನ್ನನ್ನು ನೋಡಿ ಕೈಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡರು. "ಕಪ್ಪು ಸುಡ್ತಿದೆ" ಅಂದರು. ನಾನು ಮುಟ್ಟಿ ನೋಡಿದೆ, ತಣ್ಣಗಿತ್ತು. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಅವರ ಕೈ ನಡುಗಿದ್ದನ್ನು ಒಂದು ಸಲವೂ ನೋಡಿದವಳಲ್ಲ. ಮೀನಿನ ಬಲೆಯ ಸಣ್ಣ ಗಂಟನ್ನೂ ಕನ್ನಡಕವಿಲ್ಲದೆ ಬಿಡಿಸುವ ಕೈ ಅದು.

"ಮಾವ, ನೀವು ಯಾವಾಗ ಬಿಟ್ರಿ?"

"ನೀನು ಕೂಗಾಡಿದ್ಯಲ್ಲ, ಅವತ್ತಿಂದ ಕಮ್ಮಿ ಮಾಡ್ದೆ. ಮೂರು ದಿನದಿಂದ ಮುಟ್ಟಿಲ್ಲ." ಆಮೇಲೆ ಬಾಗಿಲ ಕಡೆ ನೋಡಿ, "ಮಾರಿತ್ ಹೊರಗೆ ನಿಂತಿದಾಳೆ. ಚಳಿ ಇದೆ, ಬಾಗ್ಲು ತೆಗಿಯಮ್ಮ" ಅಂದರು. ಮಾರಿತ್ ನನ್ನ ಅತ್ತೆ. ಅವರನ್ನು ಮಣ್ಣು ಮಾಡಿ ಒಂಬತ್ತು ವರ್ಷವಾಯಿತು.

ತೂರಿಡ್‌ಗೆ ಫೋನ್ ಮಾಡಿದೆ. ವಿಷಯ ಪೂರ್ತಿ ಹೇಳಲೂ ಬಿಡಲಿಲ್ಲ. "ಆ ವಯಸ್ಸಲ್ಲಿ ಒಂದೇ ಸಲ ಬಿಟ್ರೆ ಜೀವಕ್ಕೇ ಬರತ್ತೆ ಯೋರುನ್. ಗುರುವಾರದ ತನಕ ಕಾಯೋದಲ್ಲ ಇದು. ಕೋಟು ಹಾಕಿ ನಿಲ್ಲಿಸು, ಬಂದೆ" ಅಂದರು. ಮಾವ ಕೋಟು ಹಾಕಿಸಿಕೊಂಡರು, ಟೋಪಿ ಹಾಕಿಸಿಕೊಂಡರು, ಗುಂಡಿ ಮಾತ್ರ ತಾವೇ ಹಾಕಿಕೊಳ್ಳುತ್ತೇನೆ ಅಂತ ಹಟ ಹಿಡಿದರು. ಆಗಲಿಲ್ಲ. ನಾನು ಹಾಕಿದೆ. ತೂರಿಡ್ ಮಂಜಿನ ರಸ್ತೆಯಲ್ಲಿ ಕಾರು ಓಡಿಸಿದ ವೇಗಕ್ಕೆ, ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ನಾನೇ ಕಣ್ಣು ಮುಚ್ಚಿಕೊಂಡೆ. ಹಿಂದಿನ ಸೀಟಿನಲ್ಲಿ ಮಾವ ಅತ್ತೆಯ ಜೊತೆ ಆಲೂಗಡ್ಡೆ ಬಿತ್ತನೆಯ ವಿಷಯ ಮಾತಾಡುತ್ತಿದ್ದರು.

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅತ್ತೆ ಹೋಗಿದ್ದರು, ಮಾವ ಮತ್ತೆ ಮಾವನೇ ಆಗಿದ್ದರು. ಗಾಲಿ ಮಂಚದ ಮೇಲೆ ಸೆಟೆದು ಕೂತರು. ನರ್ಸ್ ಹುಡುಗ ಬಂದ. ಇವರಿಗೆ ಏನಾಗಿದೆ, ಏನಾದರೂ ಔಷಧಿ ತೆಗೆದುಕೊಳ್ಳುತ್ತಾರಾ ಅಂತೆಲ್ಲ ಕೇಳಿ, "ಕುಡೀತಾರಾ?" ಅಂದ.

ಮಾವ ಗಲ್ಲ ಮೇಲೆತ್ತಿದರು. ಆ ಪ್ರಶ್ನೆಗೆ ಉತ್ತರ ಕೊಡುವುದು ತಮ್ಮ ಘನತೆಗೆ ತಕ್ಕದ್ದಲ್ಲ ಅನ್ನುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು. ನಮ್ಮ ಮನೆ ಎಂಥ ಮನೆ ಅಂತ ಇವನಿಗೆ ಸ್ವಲ್ಪ ಹೇಳು ಅನ್ನುತ್ತಿತ್ತು ಆ ಮುಖ. ಹಣೆಯಿಂದ ಬೆವರು ಇಳಿದು ಹುಬ್ಬಿನಲ್ಲಿ ನಿಂತಿತ್ತು, ಒರೆಸಿಕೊಳ್ಳಲು ಕೈ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ.

"ನಾವಿಬ್ಬರೂ ಕುಡುಕರು" ಅಂದೆ. "ಮೊದಲು ಇವರನ್ನ ನೋಡಿ."

ನರ್ಸ್ ಬೆಚ್ಚಿಬೀಳಲಿಲ್ಲ, ನಗಲೂ ಇಲ್ಲ. ಎಷ್ಟು ದಿನ ಆಯ್ತು ಬಿಟ್ಟು ಅಂತ ಕೇಳಿದ, ಹೇಳಿದೆ. ಇನ್ನೊಬ್ಬರನ್ನು ಕೂಗಿದ. ಎಲ್ಲರೂ ಒಮ್ಮೆಗೇ ಓಡಾಡತೊಡಗಿದರು. ಮಾವ ನನ್ನನ್ನೇ ನೋಡುತ್ತಿದ್ದರು, ಕೆನ್ನೆಗೆ ಹೊಡೆಸಿಕೊಂಡವರ ಹಾಗೆ, ಬಾಯಿ ಅರ್ಧ ತೆರೆದು. ನಾನು ಅವರ ಬೆವರು ಒರೆಸಿದೆ. ಮುಖ ಆ ಕಡೆ ತಿರುಗಿಸಿಕೊಂಡರು. ಮುಗಿಯಿತು, ಇನ್ನು ಈ ಮನುಷ್ಯ ನನ್ನ ಜೊತೆ ಮಾತಾಡುವುದಿಲ್ಲ ಅಂದುಕೊಂಡೆ.

ಮಂಚವನ್ನು ಒಳಗೆ ತಳ್ಳಿಕೊಂಡು ಹೊರಟರು. ನಾನೂ ಹಿಂದೆ ಹೋದೆ. ದೊಡ್ಡ ಬಾಗಿಲ ಹತ್ತಿರ ನರ್ಸ್ ನನ್ನನ್ನು ತಡೆದು, "ನೀವು ಇಲ್ಲೇ ಕೂತಿರಿ. ಒಳಗೆ ರೋಗಿಗಳಿಗೆ ಮಾತ್ರ" ಅಂದ.

ಮಾವ ದಿಂಬಿನಿಂದ ತಲೆ ಎತ್ತಿದರು.

"ಅವಳೂ ಬರ್ಲಿ ಬಿಡಪ್ಪ" ಅಂದರು. "ಅವಳಿಗೂ ಇದೇ ಕಾಯಿಲೆ."